ಗ್ಯಾಸ್ ಖಾಲಿ ಸಾರ್!

ಏಪ್ರಿಲ್ ಬಿಸಿಲಿಗೆ ಕಾರಿನ ಏಸಿ ಕೈಕೊಟ್ಟರೆ ನಮ್ಮಲ್ಲಿ ಪಂಡಿತರಿಗೇನು ಬರವೇ? ಅಪಾರ್ಟ್‌ಮೆಂಟಿನ ವಾಚ್‌ಮನ್, ಆಫೀಸಿನ ಅಕೌಂಟೆಂಟ್, ಹೆಂಡತಿಯ ಸೋದರಮಾವ, ಪಂಕ್ಚರ್ ಅಂಗಡಿಯ ಹುಡುಗ, ಯಾರನ್ನು ಕೇಳಿದರೂ ಒಂದೇ ಉತ್ತರ: ‘ಗ್ಯಾಸ್ ಖಾಲಿಯಾಗಿರ್ಬೇಕು ನೋಡಿ.’ ಜಾತಿ, ಪಕ್ಷ, ಉಪ್ಪಿಟ್ಟಿಗೆ ಈರುಳ್ಳಿ ಬೇಕೋ ಬೇಡವೋ, ಯಾವುದರಲ್ಲೂ ಒಮ್ಮತಕ್ಕೆ ಬಾರದ ನಾವು ಈ ಒಂದು ನಿರ್ಣಯವನ್ನು ಮಾತ್ರ ಅವಿರೋಧವಾಗಿ ಅಂಗೀಕರಿಸಿಬಿಡುತ್ತೇವೆ.

ತಮಾಷೆಯೆಂದರೆ, ಆ ಗ್ಯಾಸು ಖರ್ಚಾಗುವ ಜಾಯಮಾನದ್ದೇ ಅಲ್ಲ. ಉರಿಯುವುದಿಲ್ಲ, ಸವೆಯುವುದಿಲ್ಲ, ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಹಿಂಡಿ, ಬಿಸಿ ಮಾಡಿ, ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರಿಗೆ ದಬ್ಬುತ್ತದೆ. ಅಲ್ಲಿ ಶಾಖವನ್ನು ಬೀದಿಗೆ ಚೆಲ್ಲಿ ದ್ರವವಾಗುತ್ತದೆ. ಆಮೇಲೆ ಒಂದು ಕಿರುಗಂಡಿ ದಾಟಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತ ಕಾರಿನೊಳಗಿನ ಸೆಕೆಯನ್ನು ಹೀರಿಕೊಂಡು ಹೊರಡುತ್ತದೆ. ಸಣ್ಣ ಕಾರಿಗೆ ಬೇಕಾಗುವುದು ಹೆಚ್ಚೆಂದರೆ ಅರ್ಧ ಕಿಲೋ. ರಬ್ಬರ್ ಪೈಪು, ಸೀಲುಗಳಿಂದ ವರ್ಷಗಟ್ಟಲೆಯಲ್ಲಿ ತುಸು ಜಿನುಗುವುದುಂಟು, ನಿಜ. ಆದರೆ ಪ್ರತಿ ಯುಗಾದಿಗೂ ತುಂಬಿಸಬೇಕಾಗಿ ಬಂದರೆ ಅದು ಸೋರಿಕೆ, ಸಂಪ್ರದಾಯವಲ್ಲ.

ಏಸಿಗೆ ಬೈಯುವವರಲ್ಲಿ ಒಂದು ವರ್ಗಕ್ಕೆ ಏಸಿಯ ತೊಂದರೆಯೇ ಇರುವುದಿಲ್ಲ. ಮದುವೆ ಛತ್ರದ ಮುಂದೆ, ಬಟಾಬಯಲಿನಲ್ಲಿ, ಗಾಜು ಪೂರ್ತಿ ಏರಿಸಿ ಕಾರು ನಿಲ್ಲಿಸುತ್ತಾರೆ. ಮೂರನೇ ಪಂಕ್ತಿಯಲ್ಲಿ ಕೂತು, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡು, ಎಲೆಅಡಿಕೆ ಮೆಲ್ಲುತ್ತಾ ಬರುತ್ತಾರೆ. ಅಷ್ಟರಲ್ಲಿ ಒಳಗೆ 50 ಡಿಗ್ರಿ ದಾಟಿರುತ್ತದೆ. ಸ್ಟೇರಿಂಗ್ ಮುಟ್ಟಿದರೆ ಬೊಬ್ಬೆ. ಕೂತ ಅರ್ಧ ನಿಮಿಷಕ್ಕೇ ‘ಏನ್ರೀ ಇದು, ಕೂಲಿಂಗೇ ಇಲ್ಲ!’ ಸ್ವಾಮೀ, ಮೊದಲು ಗಾಜು ಇಳಿಸಿ, ಒಂದು ಫರ್ಲಾಂಗು ಓಡಿಸಿ, ಒಳಗಿನ ಕಾವು ಹೊರಗೆ ಹೋಗಲಿ. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ. ಆ ಬಟನ್ ಒತ್ತದೇ ಇರುವವರು ಇಡೀ ತುಮಕೂರು ರಸ್ತೆಯ ಬಿಸಿಗಾಳಿಯನ್ನು ತಂಪು ಮಾಡುವ ಗುತ್ತಿಗೆ ಹಿಡಿದವರು.

ನಿಜವಾಗಿಯೂ ಕೆಟ್ಟಿದ್ದರೆ ಅದು ಬಾಯಿಬಿಟ್ಟು ಹೇಳುತ್ತದೆ. ಕೇಳುವ ಕಿವಿ ಬೇಕು ಅಷ್ಟೇ. ಗಾಳಿಯೇ ಸರಿಯಾಗಿ ಬರುತ್ತಿಲ್ಲವೇ? ಹಾಗಾದರೆ ಗ್ಯಾಸಿನ ತಂಟೆಗೆ ಹೋಗಬೇಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಕಳಚಿದರೆ ಹಿಂದೆ ಕ್ಯಾಬಿನ್ ಫಿಲ್ಟರ್ ಸಿಗುತ್ತದೆ. ಎಳೆದು ನೋಡಿ. ಬಿಳಿಯದಾಗಿದ್ದ ಕಾಗದದ ಮಡಿಕೆಗಳು ಕಾಫಿ ಪುಡಿ ಸೋಸಿದ ಬಣ್ಣಕ್ಕೆ ತಿರುಗಿರುತ್ತವೆ. ಮಡಿಕೆಯ ಸಂದಿಯಲ್ಲಿ ಒಣಗಿದ ಹೊಂಗೆ ಹೂವು, ಬೇವಿನ ಎಲೆ, ಒಂದೆರಡು ಕೂದಲು, ಕಾಲಿಲ್ಲದ ಜಿರಳೆ. ಮರದ ನೆರಳು ಹುಡುಕಿ ಕಾರು ನಿಲ್ಲಿಸಿದ್ದಕ್ಕೆ ಮರ ಕೊಟ್ಟ ಉಡುಗೊರೆ ಇದು. ಹೊಸ ಫಿಲ್ಟರಿಗೆ ಕೆಲವು ನೂರು ರೂಪಾಯಿ. ಹಾಕಿಕೊಳ್ಳಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಓದಿದವರು ಹಾಕಿಕೊಂಡಿದ್ದನ್ನೂ ನಾನು ನೋಡಿಲ್ಲ.

ರಸ್ತೆಯಲ್ಲಿ ಓಡುವಾಗ ತಂಪು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಬಿಸಿ. ಇದು ಕಂಡೆನ್ಸರಿನ ಕಥೆ. ಓಡುವಾಗ ಎದುರುಗಾಳಿಯೇ ಅದರ ಶಾಖ ಒಯ್ಯುತ್ತದೆ. ನಿಂತಾಗ ಫ್ಯಾನ್ ತಿರುಗಬೇಕು. ಫ್ಯಾನ್ ಮುಷ್ಕರ ಹೂಡಿದ್ದರೆ, ಅಥವಾ ಕಂಡೆನ್ಸರಿನ ಮೇಲೆ ಕೆಸರು, ಹುಳಹುಪ್ಪಟೆ ಮೆತ್ತಿಕೊಂಡಿದ್ದರೆ, ಎಷ್ಟು ಗ್ಯಾಸ್ ತುಂಬಿದರೂ ಅಷ್ಟೇ.

ಮೈಸೂರಿಗೆ ಹೊರಟವರ ಕಾಯಿಲೆಯೇ ಬೇರೆ. ರಾಮನಗರದವರೆಗೂ ಶಿಮ್ಲಾ, ಆಮೇಲೆ ಬ್ಲೋವರ್ ಬೊಬ್ಬಿಡುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಮದ್ದೂರಿನಲ್ಲಿ ವಡೆ ತಿಂದು ಬಂದು ಸ್ಟಾರ್ಟ್ ಮಾಡಿದರೆ ಮತ್ತೆ ತಣ್ಣಗೆ! ಮನೆಮಂದಿಯೆಲ್ಲ ವಡೆಯ ಮಹಿಮೆ ಕೊಂಡಾಡುತ್ತಾರೆ. ಆಗಿದ್ದಿಷ್ಟೆ: ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚಿತ್ತು, ನೀವು ಚಟ್ನಿ ಕೇಳಿ ಹಾಕಿಸಿಕೊಳ್ಳುವಷ್ಟರಲ್ಲಿ ಕರಗಿ ಕಾರಿನಡಿ ಹರಿದುಹೋಯಿತು. ಕಾಯಿಲಿನ ಚಳಿ ಅಳೆದು ಕಂಪ್ರೆಸರಿಗೆ ‘ಸಾಕು ನಿಲ್ಲು’ ಎನ್ನಬೇಕಾದ ಸೆನ್ಸರ್ ಒಂದಿದೆ. ಅದು ನಿದ್ದೆ ಹೋಗಿರಬಹುದು, ಇಲ್ಲವೇ ಫಿಲ್ಟರ್ ಕಟ್ಟಿರಬಹುದು.

ಗಾಳಿ ಧಾರಾಳವಾಗಿ ಬಂದರೂ ಸ್ವಲ್ಪವೂ ತಂಪಿಲ್ಲವೆಂದರೆ ಬಾನೆಟ್ ಎತ್ತಿ, ಒಳಗೆ ಕೂತವರಿಗೆ ಏಸಿ ಬಟನ್ ಒತ್ತಲು ಹೇಳಿ. ಬಹುಪಾಲು ಕಾರುಗಳಲ್ಲಿ ‘ಟಕ್’ ಎಂದು ಕ್ಲಚ್ ಹಿಡಿದು ಕಂಪ್ರೆಸರಿನ ಮುಂಭಾಗ ತಿರುಗತೊಡಗಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಇಲಿ ಕಡಿದ ವೈರು, ಇಷ್ಟನ್ನು ಮೊದಲು ನೋಡಿಸಿ. ಗ್ಯಾಸ್ ತೀರಾ ಕಡಿಮೆಯಾಗಿದ್ದರೂ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ತಡೆದು ನಿಲ್ಲಿಸುತ್ತದೆ. ಹೌದು, ಪಂಡಿತರು ಒಮ್ಮೊಮ್ಮೆ ಗೆಲ್ಲುವುದೂ ಉಂಟು.

ಹೀಗೆ ಗ್ಯಾರೇಜಿಗೆ ಹೋಗುತ್ತೀರಿ. ಅಲ್ಲಿ ನೀಲಿ ಪೈಪು, ಕೆಂಪು ಪೈಪು, ಎರಡು ಮೀಟರು. ಮುಳ್ಳು ತೋರಿಸಿ ಮೆಕ್ಯಾನಿಕ್ ‘ಫುಲ್ ಡೌನ್ ಸಾರ್, ಟಾಪ್‌ಅಪ್ ಮಾಡ್ಬಿಡ್ಲಾ?’ ಎನ್ನುತ್ತಾನೆ. ಬೆವರುತ್ತಿರುವವನು ಬೇಡ ಎಂದಾನೆಯೇ? ಆದರೆ ಇಂಜಿನ್ ಆಫ್ ಇರುವಾಗ ಆ ಮುಳ್ಳು ಹೇಳುವುದು ಹೆಚ್ಚಾಗಿ ಆ ಹೊತ್ತಿನ ಸೆಕೆಯನ್ನು. ಒಳಗೆ ದ್ರವ ಸ್ವಲ್ಪ ಉಳಿದಿದ್ದರೂ 30 ಡಿಗ್ರಿಯಲ್ಲಿ ಕಾರಿನ ಏಸಿಗೆ ಬಳಸುವ ಆರ್-134ಎ ಗ್ಯಾಸಿನ ಒತ್ತಡ ಸುಮಾರು 95 ಪಿಎಸ್‌ಐ. 400 ಗ್ರಾಂ ಇರಲಿ, 250 ಇರಲಿ, ಮುಳ್ಳು ಕದಲುವುದಿಲ್ಲ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ‘ಎಷ್ಟಾಗುತ್ತೆ?’ ಅಲ್ಲ, ‘ಎಲ್ಲಿ ಸೋರ್ತಿದೆ ತೋರ್ಸಪ್ಪ’. ಕೆಲಸ ಬಲ್ಲವನು ಪೈಪಿನ ಜಾಯಿಂಟುಗಳ ಮೇಲೆ ಬೆರಳಾಡಿಸುತ್ತಾನೆ: ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ, ಸೋರಿದಲ್ಲಿ ಧೂಳು ಅಂಟಿದ ಜಿಡ್ಡು ಕಲೆ ಕೂತಿರುತ್ತದೆ. ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ಗುಳ್ಳೆ ಕಾಯುತ್ತಾನೆ. ಸೋರಿಕೆ ಸರಿಮಾಡಿ, ಪಂಪ್ ಹಚ್ಚಿ ಗಾಳಿ, ತೇವ ಎಳೆದು, ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕುತ್ತಾನೆ. ‘ಇನ್ನೊಂಚೂರು ಇರ್ಲಿ ಬಿಡಪ್ಪ’ ಎಂದು ಕೊಸರು ಕೇಳಬೇಡಿ. ಇದು ಸೊಪ್ಪಿನ ವ್ಯಾಪಾರವಲ್ಲ. ಹೆಚ್ಚಾದರೂ ಕೂಲಿಂಗ್ ಕೆಡುತ್ತದೆ.

ಇಷ್ಟೆಲ್ಲ ಸರಿಹೋದರೂ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬರು ಭಾವಮೈದುನ ಇರುತ್ತಾರೆ. ಚಾರ್ಮಾಡಿ ಘಾಟಿಯ ಮೊದಲ ತಿರುವಿಗೇ ‘ಏಸಿ ಆಫ್ ಮಾಡಿ ಭಾವ, ಮೈಲೇಜ್ ಬೀಳುತ್ತೆ’ ಎಂದು ಶುರುಮಾಡುತ್ತಾರೆ. ಇವರು 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಮೊದಲ ಸಲ ಏಸಿ ಕೂಡಿಸಿ ತಂದ ಕಾರಿನಲ್ಲಿ ಕೂರಬೇಕಿತ್ತು. ಅದರಲ್ಲಿ ಕಂಪ್ರೆಸರನ್ನು ಬಿಡಿಸುವ ಕ್ಲಚ್ಚೇ ಇರಲಿಲ್ಲ. ಏಸಿ ಬೇಡವೆನಿಸಿದರೆ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕು. ಎರಡು ತಿರುವಿಗೆ ನಮ್ಮ ಮೈಲೇಜ್ ಮಹಾಶಯರು ಮೌನವ್ರತ ಹಿಡಿಯುತ್ತಿದ್ದರು.

ಈಗ ಈ ಹರಟೆಗೆ ಹೊಸ ಸದಸ್ಯರೂ ಬಂದಿದ್ದಾರೆ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ. ಇಂಜಿನ್ನಿನ ಕಾವಿನಲ್ಲಿ ಬೇಯುತ್ತಿದ್ದ ಚಾಲಕರಿಗೆ ಸಿಗಲೇಬೇಕಾಗಿದ್ದ ಸವಲತ್ತು, ಸಂತೋಷ. ಹಾಗೆಂದು ಢಾಬಾದ ಮಂಚಗಳಲ್ಲಿ ಪಂಡಿತರಿಲ್ಲ ಅಂದುಕೊಂಡಿರಾ? ಲಾರಿ ಹಿಂದೆ ಬರೆಸುವವರಿಗೆ ನನ್ನದೊಂದು ಪುಕ್ಕಟೆ ಸಾಲು ಇರಲಿ: ‘ಗ್ಯಾಸ್ ತುಂಬಾ ಇದೆ, ಫಿಲ್ಟರ್ ನೋಡು ತಮ್ಮಾ.’