ನಿಂದ್ರೋ ಟೇಬಲ್ಲಿನವ

ಗಂಗಾವತಿಯ ನಮ್ಮ ಓಣಿಯಲ್ಲಿ ಒಬ್ಬ ಸಾಫ್ಟ್‌ವೇರ್ ತಮ್ಮ ಇದ್ದಾನೆ. ಅವನ ಮುಖಕ್ಕಿಂತ ಅಂಗಾಲು ನನಗೆ ಹೆಚ್ಚು ಪರಿಚಯ. ಯಾವಾಗ ಮಹಡಿ ಹತ್ತಿ ಹೋದರೂ ಟೇಬಲ್ಲಿನ ಕೆಳಗಿಂದ ಎರಡು ಅಂಗಾಲು ಹೊರಗೆ ಚಾಚಿರುತ್ತವೆ. ಒಳಗಿಂದ ದನಿ ಬರುತ್ತದೆ: “ಬರ್ರಿ ಮಾಸ್ತರ, ಕುಂದರ್ರಿ. ಇದೊಂದ ಬೋಲ್ಟು ಉಳದೈತಿ.” ಆ ಒಂದು ಬೋಲ್ಟು ಉಳಿದು ಈಗ ಎರಡು ವರ್ಷವಾಯಿತು.

ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲದ ಹಳ್ಳಿ, ನೌಕರಿ ಬೆಂಗಳೂರಿನದು. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಬಂದವನು ಗಂಗಾವತಿಯಲ್ಲೇ ಉಳಿದುಬಿಟ್ಟ. ಮೊದಲು ಮಂಚದ ಮೇಲೆ, ಆಮೇಲೆ ಅವ್ವನ ಹೊಲಿಗೆ ಮಷಿನ್ನಿನ ಮೇಲೆ ಕೆಲಸ ನಡೆಯಿತು. ಬೆನ್ನು ಹಿಡಿಯಿತು. ಡಾಕ್ಟರು ತಾಸಿಗೊಮ್ಮೆ ಎದ್ದು ಅಡ್ಡಾಡು ಎಂದರು. ಎದ್ದು ಅಡ್ಡಾಡಲು ರೊಕ್ಕ ಬೀಳುವುದಿಲ್ಲವಲ್ಲ, ಅದರಿಂದಲೇ ಅವನಿಗೆ ಅನುಮಾನ ಬಂತು. ಈ ನಮೂನೆಯವರಿಗೆ ಪುಕ್ಕಟೆ ಔಷಧ ಹತ್ತುವುದಿಲ್ಲ. ಗುಂಡಿ ಒತ್ತಿದರೆ ಏರಿ ಇಳಿಯುವ ಟೇಬಲ್ ತರಿಸಿದ.

“ಕುಂತು ಉಣ್ಣೋ ನೌಕರಿ ಅಂತ ಸಾಲಿ ಕಲಿಸಿದ್ವಿ,” ಎಂದರು ಅವನ ಅಪ್ಪ, “ಈಗ ನಿಂತ ಮಾಡ್ತೀನಿ ಅಂತಾನ. ಹಂಗಿದ್ರ ಹೊಲದಾಗ ಏನ್ ಕಮ್ಮಿ ಇತ್ತು?”

ಅವನು ಹೆಮಿಂಗ್ವೇ ಹೆಸರು ತೆಗೆದ. ಅಮೆರಿಕದ ಅಂಥಾ ದೊಡ್ಡ ಲೇಖಕ ನಿಂತೇ ಬರೆಯುತ್ತಿದ್ದನಂತೆ. ನಿಜ. ಆದರೆ ಆತ ಕ್ಯೂಬಾದ ಮನೆಯಲ್ಲಿ ಟೈಪ್‌ರೈಟರನ್ನು ಪುಸ್ತಕದ ಕಪಾಟಿನ ಮೇಲಿಟ್ಟುಕೊಂಡು ಬರೆದ. ಕಪಾಟಿಗೆ ಮೋಟರು ಹಚ್ಚಿದ್ದನ್ನು ನಾನೆಲ್ಲೂ ಓದಿಲ್ಲ.

ಪೆಟ್ಟಿಗೆ ಬಂದ ದಿನ ನಾನೂ ಇದ್ದೆ. ಕೌದಿ ಹಾಸಿ ಬೋಲ್ಟು, ವಾಷರು, ಅಡ್ಡಪಟ್ಟಿಗಳನ್ನು ಸಾಲಾಗಿ ಜೋಡಿಸಿದ. ಲಗ್ನದ ಮನೆಯಲ್ಲಿ ಸುರಗಿ ಸುತ್ತುವಾಗಲೂ ಅಷ್ಟು ಶ್ರದ್ಧೆ ಕಂಡಿರಲಿಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಒಂದಕ್ಷರವಿಲ್ಲ, ಬರೀ ಚಿತ್ರ. ಚಿತ್ರದಲ್ಲಿರುವ ಮನುಷ್ಯನಿಗೆ ಕಣ್ಣಿಲ್ಲ, ಮೂಗಿಲ್ಲ, ಆದರೂ ನಗುತ್ತಿದ್ದ. ಸಂಜೆ ಹೊತ್ತಿಗೆ ಟೇಬಲ್ ನಿಂತಿತು, ನಾಲ್ಕು ಬೋಲ್ಟು ಉಳಿದವು. “ಹೆಚ್ಚಿಗಿ ಕೊಟ್ಟಿರ್ತಾರ” ಎಂದ. ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಗಿನ ಜಾವಕ್ಕೆ ಮತ್ತೆ ಎಲ್ಲ ಬಿಚ್ಚಿದ.

ಯಂತ್ರ ದೊಡ್ಡದೇನಲ್ಲ. ಕಾಲಿಗೊಂದು ಮೋಟರು, ಕಾಲಿನೊಳಗೆ ತಿರುಪಿನ ಸರಳು, ಎರಡೂ ಮೋಟರಿನ ಸುತ್ತು ಎಣಿಸಿ ಸರಿದೂಗಿಸಲು ಕೆಳಗೊಂದು ಡಬ್ಬಿ. ಏರುತ್ತಿರುವಾಗ ಕರೆಂಟು ಹೋದರೆ ಡಬ್ಬಿಗೆ ಲೆಕ್ಕ ತಪ್ಪುವುದುಂಟು. ಆಗ ಇಳಿಸುವ ಗುಂಡಿಯನ್ನು ಒತ್ತಿ ಹಿಡಿದು ತಳ ಮುಟ್ಟಿಸಿ, ಒಂದರಿಂದ ಮಗ್ಗಿ ಹೇಳಿಸಬೇಕು. ನಮ್ಮೂರಿನ ಕರೆಂಟಿಗೆ ಆ ಡಬ್ಬಿ ದಿನಕ್ಕೆ ಮೂರು ಸಲ ಮಗ್ಗಿ ಒಪ್ಪಿಸುತ್ತಿತ್ತು. ಒಂದು ಕಾಲು ಹಿಂದೆ ಬಿದ್ದು ಹಲಗೆ ವಾರೆಯಾದಾಗ ಅಪ್ಪ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು: “ಎಡಗಡೆ ಎತ್ತು ಮೈಗಳ್ಳ ಐತಿ.” ನೂರಾರು ರೂಪಾಯಿ ಕೊಟ್ಟು ಕರೆಸಿದ ಮೆಕ್ಯಾನಿಕ್ಕೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ.

ನೆಲ ಪರಸಿ ಹಾಸಿದ್ದು, ಇಳಿಜಾರು ಬಚ್ಚಲ ಕಡೆಗೆ. ಒಂದು ಕಾಲಿಗೆ ಲಗ್ನಪತ್ರಿಕೆ ಮಡಚಿ ಕೊಟ್ಟ. ಗಾಲಿ ಹಚ್ಚಿದ, ಟೇಬಲ್ಲೇ ಬಚ್ಚಲ ಕಡೆ ಹೊರಟಿತು. ಗಾಲಿ ತೆಗೆದ. ವೈರು ಅಡಗಿಸಲು ಬೋರ್‌ವೆಲ್ಲಿನ ಪೈಪು ಸೀಳಿ ಕಟ್ಟಿದ. ನಿಂತಾಗಿನ ಎತ್ತರ 108 ಸೆಂಟಿಮೀಟರ್ ಇದ್ದದ್ದನ್ನು 107.5ಕ್ಕೆ ಇಳಿಸಿ, “ಈಗ ನೋಡ್ರಿ, ಭುಜ ಎಷ್ಟು ಹಗುರಾತು!” ಎಂದ. ಮೀಟಿಂಗಿನ ನಡುವೆಯೂ ಗುಂಡಿ ಒತ್ತುವ ಚಟ. ಕ್ಯಾಮೆರಾ ಟೇಬಲ್ಲಿನ ಸಂಗಡ ಏರುತ್ತದೆ, ಇವನು ಕೂತಲ್ಲೇ. ಬೆಂಗಳೂರಿನ ಸಾಹೇಬರಿಗೆ ಮೊದಲು ಮುಖ, ಆಮೇಲೆ ನೆತ್ತಿ, ಕೊನೆಗೆ ಗೋಡೆಯ ಕ್ಯಾಲೆಂಡರು ಕಂಡವು. ಸಾಹೇಬರು ಕ್ಯಾಲೆಂಡರಿನ ಜೊತೆಗೇ ಮಾತು ಮುಗಿಸಿದರಂತೆ.

ಇಷ್ಟಕ್ಕೆ ನಿಲ್ಲುತ್ತಿತ್ತೋ ಏನೋ, ಆದರೆ ಹೆಂಡತಿಯ ತವರು ಕುಷ್ಟಗಿ. ಅಲ್ಲಿ ಗ್ರಾನೈಟ್ ಕಲ್ಲಿಗೆ ಬರವಿಲ್ಲ, ಮಾವನವರಿಗೆ ಅಳಿಯನ ಮೇಲೆ ಪ್ರೀತಿಗೂ ಬರವಿಲ್ಲ. ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ, 18 ಎಂ.ಎಂ. ದಪ್ಪದ ಪಾಲಿಶ್ ಹಲಗೆ ಟಂಟಂ ಗಾಡಿಯಲ್ಲಿ ಬಂತು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 56 ಕೆ.ಜಿ. ಟೇಬಲ್ ಎತ್ತುವುದು 80. “ಇನ್ನೂ 24 ಉಳದಾವ ಮಾವಾರ,” ಎಂದು ಫೋನಿನಲ್ಲಿ ಹಿಗ್ಗಿದ. ನಾಲ್ಕು ಮಂದಿ ಹಮಾಲರು ಮಹಡಿಗೆ ಹೊತ್ತರು.

ಗಂಗಾವತಿಯಲ್ಲಿ ಯಾವ ಭಾರವನ್ನೂ ಚೀಲದಲ್ಲಿ ಅಳೆಯದೆ ನಂಬುವುದಿಲ್ಲ. ಅಪ್ಪ 25 ಕೆ.ಜಿ. ಸೋನಾಮಸೂರಿ ಅಕ್ಕಿ ಚೀಲ ತಂದು ಕಲ್ಲಿನ ಮೇಲಿಟ್ಟು “ಈಗ ಎತ್ತು” ಎಂದರು. ಮೇಲಿಂದ ಎರಡು ಮಾನಿಟರು, ನನ್ನ ಚಹಾ ಕಪ್ಪು ಬೇರೆ. ಎರಡು ಬೆರಳು ಏರಿತು. ಗೊರ್ ಎಂದಿತು. ಎಡದ ಎತ್ತು ಕೂತಿತು. ಕಪ್ಪು ಮೊದಲು ಜಾರಿತು, ಹಿಂದೆಯೇ ಚೀಲ. ಮಾನಿಟರುಗಳನ್ನು ಅವನು ಎದೆಗವಚಿಕೊಂಡ. ಹೆತ್ತ ಮಕ್ಕಳನ್ನೂ ಹಾಗೆ ಎತ್ತಿಕೊಂಡದ್ದನ್ನು ಕಂಡಿಲ್ಲವೆಂದು ಹೆಂಡತಿ ಆಮೇಲೆ ಹೇಳಿದಳು.

ಕಲ್ಲು ಅಡಿಗೆಮನೆಗೆ ಇಳಿಯಿತು. ಅವ್ವ ಈಗ ಅದರ ಮೇಲೆ ರೊಟ್ಟಿ ತಟ್ಟುತ್ತಾಳೆ. “ನಲ್ವತ್ತು ವರ್ಷ ಆತ್ರಿ ಮಾಸ್ತರ ನಾ ಒಲಿ ಮುಂದ, ನನಗೊಂದು ಬಟನ್ ಹಚ್ಚಿಕೊಡಬೇಕಂತ ಯಾರಿಗೂ ಹೊಳೀಲಿಲ್ಲ,” ಎಂದಳು, ರೊಟ್ಟಿ ತಿರುವಿ ಹಾಕುತ್ತ. ನಾನು ಪಲ್ಯದ ಕಡೆ ನೋಡಿದೆ.

ಮರದ ಹಲಗೆ ಮತ್ತೆ ಏರಿದಾಗ ಅದರಲ್ಲಿ ತಪ್ಪಿ ಕೊರೆದ ತೂತು ಹನ್ನೊಂದು. ಕಿನ್ನಾಳದ ಚಿತ್ರಗಾರರು ಗೋಣಿನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲೆಸಿ ಗೊಂಬೆಗೆ ಹಚ್ಚುವ ಕಿಟ್ಟದ ಸುದ್ದಿ ಕೇಳಿದ್ದನಲ್ಲ, ಮನೆಯ ಹುಣಸೆಬೀಜವೆಲ್ಲ ರುಬ್ಬಿಸಿದ. ಅದು ಅವರ ಮನೆತನದ ವಿದ್ಯೆ, ಮಿಕ್ಸಿಗೆ ಬರುವುದಲ್ಲ. ಮೂರು ದಿನಕ್ಕೆ ಇರುವೆ ಹತ್ತಿದವು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗಲೂ ಅಷ್ಟೆ. ಮಂದಿ ತೇರಿಗೆ ಉತ್ತತ್ತಿ ಎಸೆದು ಕೈಮುಗಿದರೆ, ಇವನು ಬಗ್ಗಿ ಗಾಲಿಯ ಅಚ್ಚು ನೋಡುತ್ತಿದ್ದ.

ಒಮ್ಮೆ ಅಂಜನಾದ್ರಿಯ ಮೆಟ್ಟಿಲು ಹತ್ತಿಸಿದೆ. 575 ಮೆಟ್ಟಿಲು, ಬೆನ್ನಿಗೆ ಒಳ್ಳೆಯದು. ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಹೇಳಿದೆ: “ತಮ್ಮಾ, ರಾವಣ ಕುಂದರಾಕ ಕುರ್ಚಿ ಕೊಡಲಿಲ್ಲ ಅಂತ ಹನುಮಪ್ಪ ಬಾಲ ಸುತ್ತಿ ಸುತ್ತಿ ಸಿಂಹಾಸನಕ್ಕಿಂತ ಎತ್ತರ ಕುಂತ ಅಂತಾರ. ಏರೋ ಇಳಿಯೋ ಪೀಠ ಮೊದಲ ಮಾಡಿದಾವ ನಮ್ಮ ತಾಲೂಕಿನಾವ.” ನಗುತ್ತಾನೆ ಎಂದುಕೊಂಡಿದ್ದೆ. ಅವನು ಗಂಭೀರವಾಗಿ, “ಬಾಲ ಅಂದ್ರ ಸ್ಪ್ರಿಂಗ್ ಆತಲ್ರಿ,” ಎಂದು ಫೋನು ತೆಗೆದು ಬರೆದುಕೊಂಡ.

ಆ ವಾರವೇ ಅವನ ಹೆಂಡತಿ ಶೇಂಗಾಚಟ್ನಿಯ ಡಬ್ಬಿ ತಂದುಕೊಟ್ಟು, “ಇದನ್ನ ನೀವ ಇಟ್ಕೋರಿ ಕಾಕಾ, ತಳದಾಗೊಂದು ಸಾಮಾನೈತಿ, ಅವರಿಗೆ ಹೇಳಬ್ಯಾಡ್ರಿ,” ಎಂದಳು. ಚಟ್ನಿ ಮುಗಿದ ಮೇಲೆ ಸಿಕ್ಕಿದ್ದು 5 ಎಂ.ಎಂ. ಅಲೆನ್ ಕೀ.

ಟೇಬಲ್ ಒಂದು ತಿಂಗಳಿಂದ 74 ಸೆಂಟಿಮೀಟರಿನಲ್ಲೇ ಇದೆ. ಅವನು ಕುರ್ಚಿ ಹಾಕಿಕೊಂಡು ಕೂತು ಕೆಲಸ ಮಾಡುತ್ತಿದ್ದಾನೆ, ತಾಸಿಗೊಮ್ಮೆ ಎದ್ದು ಓಣಿಯಲ್ಲಿ ಅಡ್ಡಾಡುತ್ತಾನೆ, ಕೀ ಹುಡುಕಿಕೊಂಡು. ಗಂಗಾವತಿ ಕಡೆ ಬಂದಾಗ ನಿಮ್ಮನ್ನೂ ಕೇಳಿಯಾನು. ನನ್ನ ಹೆಸರು ಹೇಳಬೇಡಿ.