ಕೊಟ್ಟವರು ಬಾಗಿಲಾಚೆ ನಿಲ್ಲಲಿ

"ಗುಳೆ ಹೋಗೋದೊಂದೇ ಉಳಿದಿರೋದು ಅಕ್ಕಾ," ಅಂದಳು ಪಕ್ಕದ ಮನೆಯ ತಂಗಿ.

ನಮ್ಮ ಎರಡು ಮನೆಗಳ ನಡುವೆ ಬಳ್ಳಾರಿ ಜಾಲಿಯ ಬೇಲಿ. ಆಚೆ ಅವಳು ಬಟ್ಟೆ ಒಣಹಾಕುತ್ತಿದ್ದಳು, ಈಚೆ ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಹಗರಿ ಹೊಳೆಗೆ ನೀರು ಬಂತೋ ಇಲ್ಲವೋ ಎಂದು ಶುರುವಾದ ಮಾತು ಇಲ್ಲಿಗೆ ಬಂದು ನಿಂತಿತು. ಮೂರು ತಿಂಗಳ ಬಾಡಿಗೆ ಬಾಕಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾಗಿದೆ. ಅದರ ಮೇಲೆ ಎರಡು ಫೈನಾನ್ಸಿನ ವಾರದ ಕಂತು, ಅಂಗಡಿಯ ಉದ್ದರಿ, ತಿಂಗಳಿಗೆ ನೂರಕ್ಕೆ ಮೂರರಂತೆ ತಂದ ಕೈಸಾಲ. ಯಾರೂ ನೋಡದ ಹೊತ್ತಲ್ಲಿ ಬೀಗ ಹಾಕಿ, ಮಕ್ಕಳನ್ನು ಕರಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಬಿಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ.

ಅವರು ಸೋಮಾರಿಗಳಲ್ಲ. ನಮ್ಮ ಮೋಕದ ಸುತ್ತಿನ ಎರೆ ಹೊಲದಲ್ಲಿ ಕೂಲಿ ಸಿಗುವುದು ನೀರಿದ್ದಾಗ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ, ಕಳೆ, ಕೊಯ್ಲು. ಆಮೇಲೆ ಮೆಣಸಿನಕಾಯಿ ಬಿಡಿಸುವುದು, ಹತ್ತಿ ಬಿಡಿಸುವುದು. ಎರಡನೇ ಬೆಳೆಗೆ ನೀರಿಲ್ಲವೆಂದರೆ ಹೊಲದವನಿಗೆ ಅರ್ಧ ವರ್ಷ ನಷ್ಟ, ಕೂಲಿಯವಳಿಗೆ ಆ ವಾರದಿಂದಲೇ ಒಲೆ ತಣ್ಣಗೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಇಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ತಾತ್ಕಾಲಿಕ ಗೇಟು ಕೂರಿಸಿದರು ಎಂದು ಕೇಳಿದಾಗ ದೇವರಿಗೆ ಸ್ತೋತ್ರ ಹೇಳಿದವರಲ್ಲಿ ಇವಳೂ ಒಬ್ಬಳು.

ನನಗೆ ಹೆಚ್ಚು ನೋವಾದದ್ದು ಅವಳ ಮುಂದಿನ ಮಾತಿಗೆ. ಪ್ರಾರ್ಥನೆ ಕೂಟದಲ್ಲಿ ಕಷ್ಟ ಹೇಳಿಕೊಂಡಾಗ ಒಬ್ಬರು, "ನಿನ್ನಲ್ಲಿ ನಂಬಿಕೆ ಕಡಿಮೆಯಾಗಿದೆ, ಅದಕ್ಕೇ ಆಶೀರ್ವಾದ ನಿಂತಿದೆ" ಅಂದರಂತೆ. ಅಂದಿನಿಂದ ಇವಳು ಕೂಟಕ್ಕೆ ಹೋಗಿಲ್ಲ. ಸಾಲದ ಭಾರವೇ ಸಾಕಿತ್ತು, ಅದರ ಮೇಲೆ ದೇವರು ಕೈಬಿಟ್ಟ ಎಂಬ ಭಾರವನ್ನೂ ಹೊರಿಸಿದರು. ಬೈಬಲ್ಲಿನ ಯೋಬನ ಗೆಳೆಯರನ್ನು ನೆನೆದುಕೊಳ್ಳಿ. ಮಕ್ಕಳು, ಆಸ್ತಿ ಎಲ್ಲ ಹೋದವನ ಪಕ್ಕದಲ್ಲಿ ಅವರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅಷ್ಟರವರೆಗೆ ಅವರು ಒಳ್ಳೆಯ ಗೆಳೆಯರೇ. ಆಮೇಲೆ ಬಾಯಿ ತೆರೆದು ತಪ್ಪನ್ನು ಯೋಬನ ಮೇಲೆ ಹಾಕಿದರು. ಆ ಪುಸ್ತಕದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಆ ಗೆಳೆಯರು, ಯೋಬ ಅಲ್ಲ.

"ನಿನಗೊಂದು ಕತೆ ಹೇಳ್ತೀನಿ ಕೇಳವ್ವಾ" ಎಂದು ನಾನು ಎರಡನೆಯ ಅರಸುಗಳ ನಾಲ್ಕನೇ ಅಧ್ಯಾಯ ತೆಗೆದೆ. ಈ ಕತೆಗೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದರು. ವಿಲಿಯಂ ರೀವ್ ಅವರಂಥವರು ಜೊತೆಗಿದ್ದರು. ಇದು ಬರಗಾಲ, ಬಡ್ಡಿ, ಗುಳೆ ಎಲ್ಲವನ್ನೂ ಕಂಡ ಊರು. ಕತೆಯನ್ನು ಇಲ್ಲಿನವರಿಗೆ ಬಿಡಿಸಿ ಹೇಳುವ ಅಗತ್ಯ ಅಂದೂ ಬಿದ್ದಿರಲಾರದು.

ಒಬ್ಬ ಪ್ರವಾದಿಯ ಶಿಷ್ಯ ಸಾಲ ಬಿಟ್ಟು ಸತ್ತ. ಅವನು ದೇವಭಕ್ತ ಎಂದು ಹೆಂಡತಿಯೇ ಹೇಳುತ್ತಾಳೆ. ಸಾಲ ಕೊಟ್ಟವನು ಬಂದು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ನಿಂತಿದ್ದಾನೆ. ಅವಳು ಪ್ರವಾದಿ ಎಲೀಷನ ಹತ್ತಿರ ಬಂದು ಅತ್ತಳು. ಎಲೀಷ ಅವಳ ನಂಬಿಕೆಯನ್ನು ಅಳೆಯಲಿಲ್ಲ. ಗಂಡ ಯಾಕೆ ಸಾಲ ಮಾಡಿದ ಎಂದೂ ಕೇಳಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದ. ಒಂದು ಕುಡಿಕೆ ಎಣ್ಣೆ ಇತ್ತು. ಹೋಗಿ ನೆರೆಹೊರೆಯವರಲ್ಲಿ ಬರಿದಾದ ಪಾತ್ರೆಗಳನ್ನು ಕೇಳಿ ತಾ, ಸ್ವಲ್ಪವೇ ತರಬೇಡ ಅಂದ.

ಆ ಒಂದು ಕುಡಿಕೆಯಿಂದ ಪಾತ್ರೆ ಪಾತ್ರೆಗೂ ಎಣ್ಣೆ ಸುರಿದ ಅದ್ಭುತ ಮುಚ್ಚಿದ ಬಾಗಿಲ ಹಿಂದೆ ನಡೆಯಿತು, ನಿಜ. ಆದರೆ ಅದಕ್ಕೆ ಮೊದಲು ಆ ಹೆಂಗಸು ಓಣಿಯ ಮನೆಮನೆಗೂ ಹೋಗಿ ಬಾಯಿಬಿಟ್ಟು ಕೇಳಬೇಕಾಯಿತು. ತನ್ನ ಮನೆಗೆ ಸಾಲದವರು ಬಂದಿದ್ದಾರೆಂದು ಇಡೀ ಓಣಿಗೆ ಗೊತ್ತಿದ್ದಿರಬಹುದು, ಆದರೂ ಕೇಳಿದಳು. ಎಣ್ಣೆ ನಿಂತದ್ದು ಪಾತ್ರೆ ಮುಗಿದಾಗ. ಇದನ್ನು ಓದಿದಾಗಲೆಲ್ಲ ನನಗೆ ನೆರೆಹೊರೆಯವರ ಯೋಚನೆಯೇ ಬರುತ್ತದೆ. ಅವರು ಪಾತ್ರೆ ಇಲ್ಲವೆಂದಿದ್ದರೆ? ಹಾಗಾಗಿಯೇ ಈ ತಂಗಿಗೆ ಹೇಳಿದೆ: ರಾತ್ರೋರಾತ್ರಿ ಹೋಗೋದು ಬ್ಯಾಡ, ಹಗಲಲ್ಲಿ ಬಾಯಿಬಿಟ್ಟು ಕೇಳು. ನನ್ನ ಹತ್ತಿರ ಕೇಳಿದ್ದೀಯ, ಮೊದಲನೇ ಪಾತ್ರೆ ಸಿಕ್ಕಿತು ಅಂತ ತಿಳಕೋ.

ಆಮೇಲೆ ಹೊಲಿಗೆ ಮಿಷನ್ನಿನ ಮಾತು ಬಂತು. ಬಳ್ಳಾರಿಯ ಜೀನ್ಸ್ ಕೆಲಸ ತಂದು ಅವಳು ಮನೆಯಲ್ಲೇ ಹೊಲಿಯುತ್ತಾಳೆ. ಕಂತು ತಪ್ಪಿದ್ದಕ್ಕೆ ವಸೂಲಿಗೆ ಬಂದ ಹುಡುಗ ಒಳಗೆ ಇಣುಕಿ, "ಮಿಷನ್ ಎತ್ತಿಕೊಂಡು ಹೋಗ್ತೀವಿ" ಅಂದನಂತೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು ಅವನಿಗೇ ಓದಿ ಹೇಳಬೇಕು ಅನ್ನಿಸಿತು ನನಗೆ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ ಎನ್ನುತ್ತದೆ ಅಲ್ಲಿಯ ನಿಯಮ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಕ್ಕೆ ನುಗ್ಗಬಾರದು, ಹೊರಗೇ ನಿಲ್ಲಬೇಕು, ಮನೆಯವನೇ ತಂದು ಕೊಡಬೇಕು. ಬಡವನ ಹೊದಿಕೆ ಒತ್ತೆಯಿದ್ದರೆ ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡಬೇಕು. ಸಾಲ ಮಾಡಿದವನಿಗೂ ಒಂದು ಹೊಸಿಲಿದೆ, ಅದನ್ನು ದೇವರೇ ಕಾಯುತ್ತಾನೆ ಎಂದು ನಾನು ಓದಿಕೊಳ್ಳುತ್ತೇನೆ.

ಈಗಿನ ಕಾನೂನೂ ಆ ಹೊಸಿಲನ್ನು ಬಿಟ್ಟುಕೊಟ್ಟಿಲ್ಲ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ಒತ್ತೆಯೇ ಇರುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಒತ್ತೆಯಿಲ್ಲದ ಸಾಲಕ್ಕೆ ಮಿಷನ್ ಎತ್ತಿಕೊಂಡು ಹೋಗುವುದು ಹೇಗೆ? ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವುದು, ಬೈಯುವುದು, ನೆಂಟರಿಷ್ಟರನ್ನು ಕಾಡುವುದು ಕೂಡದು. ಇನ್ನು ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ಮಾಡುವವರ ಕಾಟಕ್ಕೆಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯಿದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು. ಇದನ್ನು ಹೇಳಿದರೆ ಅವಳು, "ಅಸಲು ಮುಳುಗಿಸೋ ಮನಸ್ಸು ನಂಗಿಲ್ಲಕ್ಕಾ, ಉಸಿರಾಡಾಕ ಟೈಮ್ ಬೇಕು ಅಷ್ಟೆ" ಅಂದಳು. ಇಂಥವಳನ್ನು ನಂಬಿಕೆ ಕಡಿಮೆಯವಳು ಎಂದರಲ್ಲ!

ಬಾಡಿಗೆಯ ವಿಷಯ ಬೇರೆ. ಅದು ನ್ಯಾಯವಾಗಿ ಕೊಡಬೇಕಾದ ದುಡ್ಡು. ಮಾಲೀಕರಿಗೂ ಅದರಿಂದಲೇ ಮನೆ ನಡೆಯುತ್ತಿರಬಹುದು. ಆದರೂ ತಿಂಗಳ ಬಾಡಿಗೆಯ ಮನೆಗೆ ಬರವಣಿಗೆಯಲ್ಲಿ 15 ದಿನದ ನೋಟಿಸು ಕೊಡಬೇಕು. ನೋಟಿಸು ಕೊಟ್ಟ ಮೇಲೂ ಒಪ್ಪದಿದ್ದರೆ ಕೋರ್ಟಿನಿಂದ ಆದೇಶ ತರಬೇಕೇ ಹೊರತು ಪಾತ್ರೆ ಪಗಡ ಬೀದಿಗೆ ಎಸೆಯುವಂತಿಲ್ಲ. ಅಲ್ಲಿಯವರೆಗೆ ಹೋಗುವುದು ಯಾಕೆ? ಹಿರಿಯರೊಬ್ಬರನ್ನು ಕರಕೊಂಡು ಹೋಗಿ, ತಿಂಗಳಿಗೆ ಇಷ್ಟಿಷ್ಟು ಎಂದು ಬಾಕಿ ತೀರಿಸುವ ಮಾತನ್ನು ಕಾಗದದ ಮೇಲೆ ಬರೆದುಕೊಂಡರೆ ಎಷ್ಟೋ ಮಾಲೀಕರು ಒಪ್ಪುತ್ತಾರೆ.

ಹಿರಿಯರು ಅಂದಾಗ ನಮ್ಮ ಚರ್ಚಿನ ಸಭೆಯವರ ನೆನಪು ಬಂತು. ಅವರಿಗೆ ನೆಹೆಮೀಯನ ಪುಸ್ತಕದ ಐದನೇ ಅಧ್ಯಾಯ ಓದಿ ಹೇಳಬೇಕು ಎಂದು ನನಗೆ ಬಹಳ ದಿನದಿಂದ ಆಸೆ. ಬರಗಾಲ ಬಿದ್ದು ಜನ ಕಾಳಿಗಾಗಿ ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟಿದ್ದರು. ಅರಸನ ಕಂದಾಯಕ್ಕೂ ಸಾಲ. ಕೊಟ್ಟವರು ಹೊರಗಿನವರಲ್ಲ, ಸ್ವಂತ ಸಹೋದರರು. ಗೋಳು ಕೇಳಿ ನೆಹೆಮೀಯನಿಗೆ ಸಿಟ್ಟು ಬಂತು. ಅವನು ಮುಖಂಡರನ್ನು ಗದರಿಸಿದ, ದೊಡ್ಡ ಸಭೆ ಸೇರಿಸಿದ. ನಾನೂ ನನ್ನವರೂ ಕೂಡ ಸಾಲ ಕೊಟ್ಟಿದ್ದೇವೆ, ಈ ಬಡ್ಡಿ ಬಿಟ್ಟುಬಿಡೋಣ ಎಂದು ತನ್ನನ್ನೂ ಸೇರಿಸಿ ಹೇಳಿದ. ಹೊಲ, ಮನೆ ಇವತ್ತೇ ತಿರುಗಿ ಕೊಡಿ, ನೂರಕ್ಕೆ ಒಂದರಂತೆ ತೆಗೆದುಕೊಂಡದ್ದನ್ನೂ ಕೊಡಿ ಎಂದ. ನೂರಕ್ಕೆ ಒಂದು! ತಿಂಗಳ ಲೆಕ್ಕವೆಂದೇ ಹಲವು ಪಂಡಿತರು ಓದುತ್ತಾರೆ. ನಮ್ಮಲ್ಲಿ ಮೂರು, ಐದು ನಡೆಯುತ್ತದೆ; ಕೊಡುವವರಲ್ಲಿ ಭಾನುವಾರ ನಮ್ಮ ಪಕ್ಕದಲ್ಲೇ ಕೂತು ಹಾಡುವವರೂ ಇದ್ದಾರೆ. ಸಭೆ ಕಾಣಿಕೆ ಎತ್ತುವ ಹಾಗೆಯೇ ಇಂಥ ಮನೆಗೊಂದು ಬಡ್ಡಿಯಿಲ್ಲದ ನಿಧಿ ಇಡಲಿ. ಹತ್ತು ಮನೆಯವರು ಐನೂರು ಹಾಕಿದರೆ ಒಂದು ಮನೆಯ ಬಾಗಿಲು ಕೆಲವು ವಾರ ತೆರೆದಿರುತ್ತದೆ. ಪ್ರಾರ್ಥನೆ ಬೇಡ ಅನ್ನುವವಳಲ್ಲ ನಾನು. ಇವಳ ಹೆಸರು ಹೇಳಿ ದಿನವೂ ಪ್ರಾರ್ಥಿಸುತ್ತೇನೆ. ಪ್ರಾರ್ಥಿಸಿ ಎದ್ದವರ ಕೈ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಪ್ರಶ್ನೆ.

ಬಾಡಿಗೆಯ ಮಾತಿಗೇ ಅವಳು ಮತ್ತೆ ಬಂದಳು: "ಕೋರ್ಟು ಅಂದ್ರ ವಕೀಲರಿಗೆ ದುಡ್ಡು ಬೇಕಲ್ಲಕ್ಕಾ?"

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ಸಹಾಯ ಉಚಿತ. 1987ರ ಕಾಯಿದೆಯಿಂದ ಬಂದ ಹಕ್ಕು. 15100ಕ್ಕೆ ಫೋನ್ ಮಾಡಿ ಕೇಳಬಹುದು, ಇಲ್ಲವೆ ಬಳ್ಳಾರಿಯ ಕೋರ್ಟಿಗೇ ಹೋಗಬಹುದು. ಇಷ್ಟು ಹೇಳಿದ ಮೇಲೆ ಅವಳು ಬಟ್ಟೆಯ ಬುಟ್ಟಿ ಕೆಳಗಿಟ್ಟು ಒಂದೊಂದೇ ಕೇಳತೊಡಗಿದಳು: ಸಾಲದ ಕಾರ್ಡು ಎರಡೂ ತರಬೇಕಾ, ಕೈಸಾಲಕ್ಕೆ ಚೀಟಿ ಇಲ್ಲ ಏನು ಮಾಡೋದು, ಬಾಡಿಗೆ ಕೊಟ್ಟ ಫೋನ್‌ಪೇ ಲೆಕ್ಕ ಸಾಕಾ, ಗಂಡನೂ ಬರಬೇಕಾ. ಎಲ್ಲ ತಗೋ, ಆಧಾರ್ ಮರೀಬೇಡ, ಗಂಡ ಬಂದರೆ ಒಳ್ಳೇದು, ಬರದಿದ್ದರೂ ನಾನು ಬರ್ತೀನಿ ಅಂದೆ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೋಗುವುದೆಂದು ಆಯಿತು. ಪಾಸ್ಟರ್ ಅಮ್ಮನವರಿಗೂ ಹೇಳಿದ್ದೇನೆ, ಮಾಲೀಕರ ಮನೆಗೆ ಶನಿವಾರ ಸಂಜೆ ಅವರೂ ಜೊತೆಗೆ ಬರುತ್ತಾರೆ.