ಎಡಗಾಲಿನ ಹರಕೆ

ಸಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಐದು ರಸ್ತೆ ಸರ್ಕಲ್ಲಿನಲ್ಲಿ ಗೇರಿನ ಕಾರು ಸಿಕ್ಕಿಕೊಂಡರೆ ಹರಕೆ ತೀರಿಸುವುದು ಎಡಗಾಲು. ಕ್ಲಚ್ ಒತ್ತು, ಒಂದನೇ ಗೇರು, ಎರಡು ಮಾರು ಮುಂದೆ, ಮತ್ತೆ ನ್ಯೂಟ್ರಲ್. ದೇವಿಯ ರಥವೇ ಮೊದಲು ಬಿಡ್ಕಿಬೈಲು ಮುಟ್ಟುತ್ತದೆ.

ಜಾತ್ರೆ ಇಲ್ಲದ ದಿನವೂ ಸುಖವಿಲ್ಲ. ಎದುರಿನ ಜೀಪಿನವ ತಲೆ ಹೊರಹಾಕಿ, "ಚಾಲಿಗೆ ದರ ಎಷ್ಟಾತಾ ಮಾರಾಯಾ?" ಎನ್ನುತ್ತಾನೆ. ಉತ್ತರಿಸದೆ ಹೋದರೆ ಸೊಕ್ಕು ಬಂತು ಅಂತಾರೆ. ಅರ್ಧ ಕ್ಲಚ್ಚಿನಲ್ಲೇ ಚಾಲಿ ಮುಗಿದು ರಾಶಿ ಅಡಿಕೆಗೆ ಬರುವಷ್ಟರಲ್ಲಿ ಪ್ಲೇಟು ಕಮಟು ವಾಸನೆ ಬಿಡುತ್ತದೆ.

ಸಿದ್ದಾಪುರದ ಗೋಳು ಮಳೆಗಾಲದ ಭಾನುವಾರದ್ದು, ಜೋಗಕ್ಕೆ ಹೊರಟವರ ಕೃಪೆ. ಅದು ಹೇಗೋ ಕಳೆಯುತ್ತದೆ. ನಿಜವಾದ ಪರೀಕ್ಷೆ ಯಲ್ಲಾಪುರದ ಅರಬೈಲು ಘಟ್ಟದಲ್ಲಿ. ಅಂಕೋಲೆ ಕಡೆಯಿಂದ ಹತ್ತುವಾಗ ಮುಂದಿನ ಲಾರಿ ತಿರುವಿನಲ್ಲೇ ನಿಂತಿತೋ, ಹ್ಯಾಂಡ್‌ಬ್ರೇಕು, ಕ್ಲಚ್ಚು, ಎಕ್ಸಲರೇಟರ್ ಮೂರನ್ನೂ ಒಟ್ಟಿಗೆ ಸಂಭಾಳಿಸಬೇಕು. ಹಿಂದಿನವನೋ ಬಂಪರಿಗೇ ಮೂಗು ತಾಗಿಸಿರುತ್ತಾನೆ. ಇಳಿಯುವಾಗ ಮಾತ್ರ ಎರಡನೇ ಗೇರು ದೊಡ್ಡ ಉಪಕಾರಿ. ಇಂಜಿನ್ನೇ ತಡೆದು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ.

2014ರಲ್ಲಿ ಮಾರುತಿ ಸೆಲೆರಿಯೊ ಅಗ್ಗದ ಎಎಂಟಿ, ಅಂದರೆ ತಾನೇ ಬದಲಾಗುವ ಗೇರು, ತಂದಿತು. ಅದರೊಳಗೂ ಕ್ಲಚ್ ಇದೆ, ಒತ್ತುವ ಕೆಲಸ ಯಂತ್ರದ್ದು. ಬೆಂಗಳೂರಿನ ಅಳಿಯಂದಿರು ಊರಿಗೆ ಬಂದಾಗಲೆಲ್ಲ ಇದರದೇ ಪ್ರವಚನ. ಮಾವಂದಿರು ಕವಳದ ಬಾಯಲ್ಲೇ ಕೇಳುತ್ತಾರೆ: "ಎಲ್ಲಾ ಅದೇ ಮಾಡಿದ್ರೆ ಯಂಗೆಂತ ಕೆಲಸ ತಮಾ?"